ಹ್ಯಾಂಡಲ್ ಬದಲಾಯಿತು, ಸೆಲ್ಫ್ ಏಕೆ ಮುನಿಯಿತು?

ಹ್ಯಾಂಡಲ್ ಬದಲಿಸಿದ ಮೇಲೆ ಸೆಲ್ಫ್ ಸ್ಟಾರ್ಟ್ ಕೈಕೊಟ್ಟಿದೆ ಎಂಬ ದೂರಿನ ಪತ್ರಗಳೇ ಈ ಬಾರಿ ಹೆಚ್ಚಾಗಿ ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಸ್ವಲ್ಪ ಸಂಕ್ಷೇಪಿಸಿ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನನ್ನ 350 ಸಿಸಿ ಮೋಟಾರ್‌ಸೈಕಲ್ಲಿಗೆ ಕಿಕ್ಕರ್ ಇಲ್ಲ, ಸೆಲ್ಫ್ ಒಂದೇ ಗತಿ. ದೂರ ಪ್ರಯಾಣದಲ್ಲಿ ಬೆನ್ನು ನೋಯುತ್ತದೆಂದು ಸುಮಾರು ನಾಲ್ಕು ಇಂಚು ಎತ್ತರದ ಹ್ಯಾಂಡಲ್ ಹಾಕಿಸಿದೆ. ಅಂದಿನಿಂದ ಸೆಲ್ಫ್ ಒಮ್ಮೆ ತೆಗೆದುಕೊಳ್ಳುತ್ತದೆ, ಒಮ್ಮೆ ಇಲ್ಲ. ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿದ್ದಾಗ ಬಟನ್ ಒತ್ತಿದರೆ ಸದ್ದೇ ಬರುವುದಿಲ್ಲ. ತಳ್ಳಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಚಾಲೂ ಆಗುತ್ತದೆ, ಆಮೇಲೆ ಯಾವ ತೊಂದರೆಯೂ ಇಲ್ಲ. ಹೊಸ ಬ್ಯಾಟರಿ ಹಾಕಿಸಿದರೂ ಗುಣವಾಗಲಿಲ್ಲ. ಈಗ ಮೆಕ್ಯಾನಿಕ್ ಸೆಲ್ಫ್ ಮೋಟರ್ ಹೋಗಿದೆ ಎನ್ನುತ್ತಿದ್ದಾರೆ. ಬದಲಿಸಲೇ?
– ಓದುಗರು, ಶಿವಮೊಗ್ಗ

ಉತ್ತರ: ಬದಲಿಸಬೇಡಿ. ನಿಮ್ಮ ಪತ್ರದಲ್ಲಿಯೇ ಎರಡು ಬಲವಾದ ಸುಳಿವುಗಳಿವೆ, ಅವೆರಡೂ ಸೆಲ್ಫ್ ಮೋಟರಿನ ಪರವಾಗಿಯೇ ಸಾಕ್ಷಿ ಹೇಳುತ್ತಿವೆ.

ಮೊದಲನೆಯ ಸುಳಿವು, ದೋಷವು ಹ್ಯಾಂಡಲ್ ತಿರುಗುವುದನ್ನು ಅನುಸರಿಸುತ್ತಿದೆ ಎಂಬುದು. ಬ್ಯಾಟರಿ, ಸ್ಟಾರ್ಟರ್ ರಿಲೇ, ಸೆಲ್ಫ್ ಮೋಟರ್, ಇವುಗಳನ್ನು ಜೋಡಿಸುವ ದಪ್ಪ ಕೇಬಲ್‌ಗಳು ಎಲ್ಲವೂ ಚಾಸಿಗೆ ಬಿಗಿದಿರುವ ಭಾಗಗಳು. ನೀವು ಹ್ಯಾಂಡಲನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಅವು ಕದಲುವುದಿಲ್ಲ. ಕದಲುವುದು ಹ್ಯಾಂಡಲ್ ಮೇಲಿನ ಸ್ವಿಚ್‌ಗಳಿಂದ ಹೊರಟು, ಹ್ಯಾಂಡಲ್ ತಿರುಗುವ ಕೀಲಾದ ಕೋನ್‌ಸೆಟ್ಟಿನ ಪಕ್ಕದಿಂದ ಹಾದು, ಹೆಡ್‌ಲೈಟ್ ಡೂಮಿನೊಳಗೋ ಟ್ಯಾಂಕಿನ ಅಡಿಗೋ ಇರುವ ಕಪ್ಲರ್ (ವೈರುಗಳನ್ನು ಕೂಡಿಸುವ ಪ್ಲಗ್) ಸೇರುವ ತೆಳು ವೈರುಗಳ ಕಟ್ಟು ಮಾತ್ರ. ಎರಡನೆಯದು, ತಳ್ಳಿದರೆ ಗಾಡಿ ಚಾಲೂ ಆಗುತ್ತದೆ ಎಂಬುದು. ಇಂಧನ ಇಂಜೆಕ್ಷನ್ ಇರುವ ಎಂಜಿನ್ ತಳ್ಳಿ ಚಾಲೂ ಆಗಬೇಕಾದರೆ ಕೀ ಸ್ವಿಚ್, ಮುಖ್ಯ ಫ್ಯೂಸ್, ಎಂಜಿನ್ ನಿಲ್ಲಿಸಲು ಬಲಗೈ ಕಡೆ ಇರುವ ಕೆಂಪು ಕಿಲ್ ಸ್ವಿಚ್, ಪೆಟ್ರೋಲ್ ಪಂಪ್, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಇಷ್ಟಕ್ಕೂ ಕರೆಂಟ್ ಸರಿಯಾಗಿ ಮುಟ್ಟಲೇಬೇಕು. ಹಾಗಾಗಿ ಅವೆಲ್ಲವನ್ನೂ ಸದ್ಯಕ್ಕೆ ಅನುಮಾನದ ಪಟ್ಟಿಯಿಂದ ತೆಗೆದುಹಾಕಬಹುದು. ಉಳಿಯುವುದು ಸ್ಟಾರ್ಟ್ ಬಟನ್, ಅದರ ವೈರ್, ಕ್ಲಚ್ ಸ್ವಿಚ್, ಅದರ ವೈರ್ ಇಷ್ಟೇ.

ಈ ಸರ್ಕ್ಯೂಟಿನಲ್ಲಿ ತೆಳು ವೈರಿನ ಕೆಲಸ ಬೇರೆ, ದಪ್ಪ ಕೇಬಲಿನ ಕೆಲಸ ಬೇರೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಸೆಲ್ಫ್ ಮೋಟರ್ ಎಂಜಿನ್ನನ್ನು ತಿರುಗಿಸುವಾಗ ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತದೆ, ತಿರುಗಲು ಆರಂಭಿಸುವ ಕ್ಷಣದಲ್ಲಿ ಅದು ನೂರನ್ನೂ ದಾಟಬಹುದು. ಅಷ್ಟು ಕರೆಂಟ್ ಹ್ಯಾಂಡಲ್ ಮೇಲಿನ ಪುಟ್ಟ ಬಟನ್ ಮೂಲಕ ಹರಿಯಲು ಸಾಧ್ಯವಿಲ್ಲ. ಆದ್ದರಿಂದ ಬಟನ್ ಮಾಡುವ ಕೆಲಸ ರಿಲೇಯೊಳಗಿನ ಸುರುಳಿಗೆ ಕೆಲವೇ ಆಂಪಿಯರ್ ಕಳುಹಿಸುವುದು. ಸುರುಳಿ ಅಯಸ್ಕಾಂತವಾಗಿ ಒಳಗಿನ ತಾಮ್ರದ ಬಿಲ್ಲೆಯನ್ನು ಎಳೆದಾಗ ದಪ್ಪ ಕೇಬಲ್‌ಗಳು ಒಂದಕ್ಕೊಂದು ಜೋಡಿಸಿಕೊಳ್ಳುತ್ತವೆ. ಆಗ ಸೀಟಿನ ಕೆಳಗಿನಿಂದಲೋ ಪಕ್ಕದ ಬಾಕ್ಸಿನಿಂದಲೋ ಕೇಳಿಸುವ 'ಟಕ್' ಎಂಬ ಸದ್ದೇ ಈ ಬಿಲ್ಲೆಯದು. ಬಟನ್ ಒತ್ತಿದಾಗ ಟಕ್ ಎಂದೂ ಮೋಟರ್ ತಿರುಗದಿದ್ದರೆ ತೆಳು ವೈರುಗಳು ತಮ್ಮ ಕೆಲಸ ಮಾಡಿವೆ ಎಂದರ್ಥ. ಬ್ಯಾಟರಿ, ಅದರ ಟರ್ಮಿನಲ್, ದಪ್ಪ ಕೇಬಲ್, ಮೋಟರ್ ಇವುಗಳ ಕಡೆ ನೋಡಬೇಕು. 'ಟಕಟಕಟಕ' ಎಂದು ಬಿಡದೆ ಬಡಿದುಕೊಂಡರೆ ಬಹುಪಾಲು ಬ್ಯಾಟರಿ ಇಳಿದಿದೆ. ಸದ್ದೇ ಇಲ್ಲದಿದ್ದರೆ ಕರೆಂಟ್ ರಿಲೇಯನ್ನೇ ಮುಟ್ಟಿಲ್ಲ. ನಿಮ್ಮದು ಈ ಮೂರನೆಯ ಬಗೆ.

ಬ್ಯಾಟರಿಯ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ಹ್ಯಾಂಡಲ್ ಬದಲಿಸುವ ಕೆಲಸದಲ್ಲಿ ಕೀ ಆನ್ ಮಾಡಿ ಲೈಟು, ಹಾರ್ನು, ಇಂಡಿಕೇಟರ್ ಪರೀಕ್ಷಿಸುತ್ತಾ ಇರುವುದರಿಂದ ಬ್ಯಾಟರಿ ಇಳಿಯುವುದುಂಟು, ಬಿಚ್ಚಿದ ಟರ್ಮಿನಲ್ ಸಡಿಲವಾಗಿ ಉಳಿಯುವುದೂ ಉಂಟು. ಪೂರ್ತಿ ಚಾರ್ಜಾದ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.2ಕ್ಕೆ ಇಳಿದರೆ ಅರ್ಧ ಖಾಲಿಯಾದಂತೆ. ಸೆಲ್ಫ್ ತಿರುಗುತ್ತಿರುವಾಗ 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ಕಸುವಿಲ್ಲ. ಈ ಮೂರು ಅಂಕಿಗಳನ್ನು ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನಲ್ಲಿ ನೋಡಿದ್ದರೆ ನಿಮಗೆ ಹೊಸ ಬ್ಯಾಟರಿಯ ಖರ್ಚು ಬರುತ್ತಿರಲಿಲ್ಲ.

ಈಗ ಹುಡುಕಾಟಕ್ಕೆ ಬರೋಣ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ರಿಲೇಯ ಎರಡು ತೆಳು ವೈರುಗಳ ಟರ್ಮಿನಲ್‌ಗಳ ಮೇಲೆ ಅದರ ಎರಡು ಕಡ್ಡಿಗಳನ್ನು ಇಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಕ್ಲಚ್ ಹಿಡಿದಿರಲಿ. ಇನ್ನೊಬ್ಬರು ಬಟನ್ ಒತ್ತಿದಾಗ ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಅಂಕಿ ಬರಬೇಕು. ಬಂದೂ ರಿಲೇ ಸದ್ದು ಮಾಡದಿದ್ದರೆ ರಿಲೇ ಸತ್ತಿದೆ. ಸೊನ್ನೆ ಬಂದರೆ, ಅಥವಾ ಐದಾರು ವೋಲ್ಟಿನಲ್ಲಿ ತೂಗಾಡಿದರೆ, ದಾರಿಯಲ್ಲಿ ಎಲ್ಲೋ ಕಡಿತವಿದೆ. ಬಟನ್ ಒತ್ತಿಕೊಂಡೇ ಹ್ಯಾಂಡಲನ್ನು ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸುತ್ತಾ ಅಂಕಿಯನ್ನು ನೋಡಿ. ಯಾವ ಕೋನದಲ್ಲಿ ಅದು ಕುಸಿಯುತ್ತದೆ ಎಂಬುದು ತಿಳಿದರೆ ಆ ಕೋನದಲ್ಲಿ ಬಿಗಿಯುವ ವೈರನ್ನು ಕೈಯಿಂದ ಮುಟ್ಟಿ ಹಿಡಿಯಬಹುದು. ಈ ಪರೀಕ್ಷೆಯ ನಡುವೆ ಸೆಲ್ಫ್ ತಟ್ಟನೆ ತಿರುಗಬಹುದಾದ್ದರಿಂದ ಗಾಡಿ ನಡುಸ್ಟ್ಯಾಂಡಿನ ಮೇಲಿರುವುದು ಒಳ್ಳೆಯದು. ಕೆಲವು ಹೊಸ ಗಾಡಿಗಳಲ್ಲಿ ಬಟನ್ ಇಸಿಯುವಿಗೆ ಸೂಚನೆಯನ್ನಷ್ಟೇ ಕೊಡುತ್ತದೆ, ರಿಲೇಯನ್ನು ಇಸಿಯುವೇ ನಡೆಸುತ್ತದೆ. ಅಲ್ಲಿಯೂ ಕಡಿತವಿರುವ ಜಾಗ ಹ್ಯಾಂಡಲಿನಿಂದ ಕಪ್ಲರಿನವರೆಗಿನ ಅದೇ ದಾರಿ.

ಗ್ಯಾರೇಜುಗಳಲ್ಲಿ ಇದರ ಬದಲು ಮೀಟರನ್ನು ಬೀಪ್ ಸ್ಥಾನಕ್ಕೆ ಇಟ್ಟು, ವೈರಿನ ಎರಡು ತುದಿ ಮುಟ್ಟಿಸಿ, ಬೀಪ್ ಬಂದ ಕೂಡಲೇ 'ವೈರ್ ಓಕೆ' ಎಂದು ತೀರ್ಮಾನಿಸುವ ಅಭ್ಯಾಸವಿದೆ. ನಿಮ್ಮ ಮೆಕ್ಯಾನಿಕ್ ಮೋಟರಿನತ್ತ ಹೊರಳಿದ್ದಕ್ಕೂ ಬಹುಶಃ ಇದೇ ಕಾರಣ. ಆ ಬೀಪಿನ ಪರೀಕ್ಷೆಯಲ್ಲಿ ಮೀಟರ್ ಕಳುಹಿಸುವ ಕರೆಂಟ್ ಅತ್ಯಲ್ಪ. ಹದಿನಾರು ಎಳೆಗಳ ವೈರಿನಲ್ಲಿ ಹದಿನೈದು ತುಂಡಾಗಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ. ಮಲೆನಾಡಿನ ಹಳ್ಳದ ಮೇಲೆ ಹಾಕಿದ ಒಂಟಿ ಅಡಿಕೆಮರದ ಸಂಕವನ್ನು ಒಬ್ಬ ಮನುಷ್ಯ ದಾಟಬಹುದೇ ಹೊರತು ಹೇರು ತುಂಬಿದ ಗಾಡಿ ದಾಟಲಾರದಷ್ಟೆ. ರಿಲೇ ಸುರುಳಿ ಬೇಡುವ ಕರೆಂಟನ್ನು ಹೊರಿಸಿ ನೋಡಿದಾಗಲೇ ವೈರಿನ ನಿಜಸ್ಥಿತಿ ಬಯಲಾಗುತ್ತದೆ. ಮೀಟರ್ ಇಲ್ಲದವರು 21 ವಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸೆದು ಅದನ್ನು ರಿಲೇಯ ತೆಳು ಟರ್ಮಿನಲ್‌ಗಳ ಜಾಗದಲ್ಲಿ ಜೋಡಿಸಿದರೂ ಆಯಿತು. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಬಟನ್ ಒತ್ತಿದಾಗ ಬಲ್ಬು ಬೆಳ್ಳಗೆ ಉರಿದರೆ ದಾರಿ ಸರಿಯಿದೆ, ಕೆಂಪಗೆ ಮಂಕಾಗಿ ಉರಿದರೆ ದಾರಿ ಸವೆದಿದೆ. ಇಸಿಯು ರಿಲೇಯನ್ನು ನಡೆಸುವ ಗಾಡಿಗಳಲ್ಲಿ ಮಾತ್ರ ಈ ಬಲ್ಬಿನ ಪ್ರಯೋಗ ಬೇಡ, ಮೀಟರೇ ಸಾಕು.

ಇಂತಹ ಪ್ರಕರಣಗಳಲ್ಲಿ ಎಲ್ಲಿ ನೋಡಬೇಕು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕಣ್ಣಿಗೆ ಕಾಣುವಂತೆ ವೈರ್ ತುಂಡಾಗಿರುವುದು ಅಪರೂಪ. ಬಲಗೈ ಸ್ವಿಚ್ಚಿನ ಎರಡು ಹೋಳುಗಳನ್ನು ಕೆಳಗಿನ ಸ್ಕ್ರೂ ಬಿಚ್ಚಿ ಬೇರ್ಪಡಿಸಿ. ಒಳಗೆ ಬಟನ್ನಿನ ಹಿಂದೆ ಪುಟ್ಟ ಲೋಹದ ಪಟ್ಟಿಗೆ ವೈರನ್ನು ಬೆಸೆದಿರುತ್ತಾರೆ. ವೈರ್ ಕಟ್ಟು ಬಿಗಿದು ಜಗ್ಗಿದಾಗ ಮೊದಲು ಸೋಲುವುದು ಆ ಬೆಸುಗೆಯ ಬುಡ. ಅಲ್ಲಿ ಹಸಿರು ಕಿಲುಬು ಕಂಡರೆ ನೀರೂ ಒಳಹೊಕ್ಕಿದೆ. ಬಳಿಕ ಎರಡು ಹೋಳುಗಳ ಅಂಚನ್ನು ನೋಡಿ: ಜೋಡಿಸುವಾಗ ವೈರ್ ಅಂಚಿಗೆ ಸಿಕ್ಕಿ ಚಪ್ಪಟೆಯಾಗಿ ಹೊಳೆಯುತ್ತಿದ್ದರೆ, ಒಳಗಿನ ಎಳೆಗಳು ಸ್ಕ್ರೂ ಬಿಗಿದ ದಿನವೇ ಕತ್ತರಿಸಿಹೋಗಿವೆ. ಆಮೇಲೆ ಕೋನ್‌ಸೆಟ್ಟಿನ ಹತ್ತಿರ ವೈರ್ ಕಟ್ಟನ್ನು ಬೆರಳುಗಳ ನಡುವೆ ಹಿಡಿದು ಒಂದೊಂದೇ ವೈರನ್ನು ಸ್ವಲ್ಪ ಸ್ವಲ್ಪವಾಗಿ ಮಡಿಸುತ್ತಾ ಹೋಗಿ. ಒಳಗೆ ತಾಮ್ರ ತುಂಡಾದ ಕಡೆ ವೈರ್ ಮೃದುವಾಗಿ, ಬರೀ ಪ್ಲಾಸ್ಟಿಕ್ ಕೊಳವೆಯಂತೆ ಸುಲಭವಾಗಿ ಮಡಚಿಕೊಳ್ಳುತ್ತದೆ. ಉಳಿದ ಕಡೆ ಅದು ತುಸು ಸೆಟೆದು ನಿಲ್ಲುತ್ತದೆ. ಹೊರಗಿನ ಹೊದಿಕೆ ಸರಿಯಾಗಿಯೇ ಇರುವುದರಿಂದ ಇದನ್ನು ಕಣ್ಣಿಗಿಂತ ಬೆರಳೇ ಬೇಗ ಪತ್ತೆ ಮಾಡುತ್ತದೆ. ಕೊನೆಗೆ ಕಪ್ಲರನ್ನು ತೆರೆದು, ಅದರ ಹಿಂಬದಿಯಿಂದ ಒಂದೊಂದು ವೈರನ್ನೂ ಮೆಲ್ಲಗೆ ಜಗ್ಗಿ ನೋಡಿ. ಒಳಗಿನ ಪಿನ್ನು ಕಚ್ಚಿಕೊಂಡಿದ್ದರೆ ವೈರ್ ಕದಲುವುದಿಲ್ಲ. ಎಳೆದಾಗ ಹಿಂದಕ್ಕೆ ಜಾರಿ ಬಂದರೆ, ಕಪ್ಲರ್ ಹೊರಗಿನಿಂದ ಗಟ್ಟಿಯಾಗಿ ಕೂತಂತೆ ಕಂಡರೂ ಒಳಗೆ ಪಿನ್ನಿಗೆ ಪಿನ್ನು ತಾಗುತ್ತಿಲ್ಲ.

ನಾಲ್ಕು ಇಂಚು ಎತ್ತರಿಸಿದ ಹ್ಯಾಂಡಲಿಗೆ ಮೂಲ ವೈರ್ ಸಾಲುವುದು ಕಷ್ಟ. ಕಡಿತ ಸಿಕ್ಕ ಜಾಗವನ್ನಷ್ಟೇ ದುರಸ್ತಿ ಮಾಡಿ ಬಿಟ್ಟರೆ ಇನ್ನೊಂದು ವೈರ್ ನಾಳೆ ಅದೇ ದಾರಿ ಹಿಡಿಯುತ್ತದೆ. ವೈರ್ ಕಟ್ಟಿಗೆ ಉದ್ದ ಸೇರಿಸುವ ಬಗ್ಗೆ ಮಂಗಳೂರಿನ ಓದುಗರಿಗೆ ಕೆಳಗೆ ಕೊಟ್ಟಿರುವ ಉತ್ತರವನ್ನು ನೋಡಿ. ಅದರ ಜೊತೆಗೆ, ಎಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಆಕ್ಸಿಲರೇಟರ್ ತಾನಾಗಿ ಏರುತ್ತದೆಯೇ ಎಂದು ತಪ್ಪದೆ ನೋಡಿಕೊಳ್ಳಿ. ವೈರ್ ಸಾಲದ ಕಡೆ ಆಕ್ಸಿಲರೇಟರ್ ಕೇಬಲ್ ಮತ್ತು ಮುಂದಿನ ಬ್ರೇಕಿನ ಪೈಪೂ ಸಾಲದಿರುವ ಸಂಭವ ಹೆಚ್ಚು. ಸೆಲ್ಫ್ ಕೈಕೊಟ್ಟರೆ ತಳ್ಳಬಹುದು, ತಿರುವಿನಲ್ಲಿ ಎಂಜಿನ್ ತಾನಾಗಿ ಏರಿದರೆ ಮಾಡುವುದಕ್ಕೇನೂ ಉಳಿಯುವುದಿಲ್ಲ.

ಪ್ರಶ್ನೆ: ಹ್ಯಾಂಡಲ್ ಜೊತೆಗೆ ಹೊಸ ಕ್ಲಚ್ ಲಿವರನ್ನೂ ಹಾಕಿಸಿದೆ. ನ್ಯೂಟ್ರಲ್‌ನಲ್ಲಿ ಸೆಲ್ಫ್ ಸರಿಯಾಗಿಯೇ ಕೆಲಸ ಮಾಡುತ್ತದೆ. ಸಿಗ್ನಲ್‌ನಲ್ಲಿ ಗೇರಿನಲ್ಲಿದ್ದಾಗ ಎಂಜಿನ್ ನಿಂತರೆ, ಕ್ಲಚ್ ಹಿಡಿದು ಬಟನ್ ಒತ್ತಿದರೂ ಪ್ರಯೋಜನವಿಲ್ಲ. ಹಿಂದೆ ಹೀಗಿರಲಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಕ್ಲಚ್ ಸ್ವಿಚ್. ನಿಮ್ಮ ವಿವರಣೆಗೆ ಬೇರೆ ಕಾರಣ ಹುಡುಕಬೇಕಾದ ಅಗತ್ಯವೇ ಇಲ್ಲ. ಗೇರಿನಲ್ಲಿರುವ ಗಾಡಿ ಸೆಲ್ಫ್ ಹೊಡೆದಾಗ ಮುಂದಕ್ಕೆ ನೆಗೆಯಬಾರದೆಂದು, ನ್ಯೂಟ್ರಲ್ ಸ್ವಿಚ್ ಅಥವಾ ಕ್ಲಚ್ ಸ್ವಿಚ್ ಇವೆರಡರಲ್ಲಿ ಒಂದಾದರೂ ಒಪ್ಪಿಗೆ ಕೊಟ್ಟರೆ ಮಾತ್ರ ರಿಲೇಗೆ ಕರೆಂಟ್ ಹೋಗುವಂತೆ ಬಹಳಷ್ಟು ಗಾಡಿಗಳಲ್ಲಿ ವ್ಯವಸ್ಥೆ ಮಾಡಿರುತ್ತಾರೆ. ನ್ಯೂಟ್ರಲ್‌ನಲ್ಲಿ ಸೆಲ್ಫ್ ತೆಗೆದುಕೊಳ್ಳುತ್ತಿರುವುದರಿಂದ ಬಟನ್, ರಿಲೇ, ಮೋಟರ್ ಎಲ್ಲವೂ ಸರಿಯಿವೆ. ಇದಕ್ಕೆ ತದ್ವಿರುದ್ಧವಾಗಿ ಕ್ಲಚ್ ಹಿಡಿದರೆ ಮಾತ್ರ ಸೆಲ್ಫ್ ಬರುತ್ತಿದ್ದು, ಸ್ಪೀಡೋಮೀಟರಿನ ಬಳಿ ನ್ಯೂಟ್ರಲ್ ಸೂಚಿಸುವ ಹಸಿರು ಎನ್ ದೀಪ ಕಾಣದಿದ್ದರೆ ನ್ಯೂಟ್ರಲ್ ಸ್ವಿಚ್ಚನ್ನು ನೋಡಬೇಕಾಗುತ್ತಿತ್ತು. ಕೆಲವು ಮಾದರಿಗಳಲ್ಲಿ ನ್ಯೂಟ್ರಲ್‌ನಲ್ಲಿಯೂ ಕ್ಲಚ್ ಹಿಡಿಯಲೇಬೇಕು ಎಂಬುದನ್ನೂ ಮರೆಯಬಾರದು.

ಕ್ಲಚ್ ಲಿವರನ್ನು ಹ್ಯಾಂಡಲಿಗೆ ಹಿಡಿದಿಡುವ ಯೋಕಿನ ಅಡಿಯಲ್ಲಿ ಬೆರಳ ತುದಿಯಷ್ಟು ಸ್ವಿಚ್ ಇರುತ್ತದೆ. ಅದರ ಪುಟ್ಟ ಕಡ್ಡಿಯನ್ನು ಲಿವರಿನ ಬುಡ ಒತ್ತಿರುತ್ತದೆ, ಲಿವರ್ ಎಳೆದಾಗ ಬಿಡುತ್ತದೆ. ಹೊರಗಿನಿಂದ ತಂದ ಲಿವರಿನ ಬುಡದ ಆಕಾರ ಒಂದೆರಡು ಮಿಲಿಮೀಟರ್ ಬೇರೆಯಾಗಿದ್ದರೂ ಕಡ್ಡಿ ಸರಿಯಾಗಿ ಕದಲುವುದಿಲ್ಲ. ಹಳೆಯ ಲಿವರನ್ನೇ ಹತ್ತು ನಿಮಿಷ ಹಾಕಿ ನೋಡಿದರೆ ತೀರ್ಮಾನವಾಗುತ್ತದೆ. ಅದರಲ್ಲಿಯೂ ಕೆಲಸ ಮಾಡದಿದ್ದರೆ ಸ್ವಿಚ್ಚಿನ ಎರಡು ವೈರುಗಳಲ್ಲಿ ಒಂದು ಕಳಚಿಕೊಂಡಿದೆಯೇ ನೋಡಿ; ಯೋಕ್ ಕಳಚುವಾಗ ಈ ವೈರುಗಳನ್ನು ಬಿಚ್ಚದೆ ಜಗ್ಗಿಬಿಡುವುದು ಸಾಮಾನ್ಯ. ಮೀಟರಿನ ಬೀಪ್ ಇಲ್ಲಿ ಸಾಕು: ಲಿವರ್ ಎಳೆದಾಗ ಮತ್ತು ಬಿಟ್ಟಾಗ ಸ್ಥಿತಿ ಬದಲಾಗಬೇಕು, ಅಷ್ಟೇ.

'ಎರಡು ವೈರ್ ಸೇರಿಸಿ ಜಾಯಿಂಟ್ ಮಾಡಿಬಿಡುತ್ತೇನೆ, ಆ ಸ್ವಿಚ್ಚೇ ಬೇಡ' ಎಂಬ ಸಲಹೆ ನಿಮಗೆ ಖಂಡಿತ ಸಿಗುತ್ತದೆ. ಒಪ್ಪಬೇಡಿ. ಕಿಕ್ಕಿರಿದ ಪಾರ್ಕಿಂಗಿನಲ್ಲಿ ಗಾಡಿ ಗೇರಿನಲ್ಲಿರುವುದು ತಿಳಿಯದೆ ಮಗುವೋ ಪರಿಚಯದವರೋ ಬಟನ್ ಒತ್ತಿದರೆ ಸೆಲ್ಫ್ ಮೋಟರೇ ಗಾಡಿಯನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ. ಹೊಸ ಸ್ವಿಚ್ಚಿನ ಬೆಲೆ ಆ ಅಪಾಯಕ್ಕೆ ಹೋಲಿಸಿದರೆ ಏನೂ ಅಲ್ಲ.

ಪ್ರಶ್ನೆ: ಹ್ಯಾಂಡಲ್ ಬದಲಿಸಿದ ಮೇಲೆ ಬಲಕ್ಕೆ ಪೂರ್ತಿ ತಿರುಗಿಸಿದಾಗಲೆಲ್ಲ ಫ್ಯೂಸ್ ಹೋಗುತ್ತದೆ, ಸೆಲ್ಫ್, ಹಾರ್ನ್, ಇಂಡಿಕೇಟರ್ ಎಲ್ಲ ಒಟ್ಟಿಗೆ ನಿಲ್ಲುತ್ತವೆ. 15 ಆಂಪಿಯರ್ ಬದಲು 30 ಆಂಪಿಯರ್ ಫ್ಯೂಸ್ ಹಾಕಿದರೆ ನಿಲ್ಲುತ್ತದೆ ಎಂದು ಒಬ್ಬರು ಹೇಳಿದರು.
– ಓದುಗರು, ಹುಬ್ಬಳ್ಳಿ

ಉತ್ತರ: ಫ್ಯೂಸ್ ನಿಲ್ಲಬಹುದು, ವೈರಿಂಗ್ ಕಿಟ್ ನಿಲ್ಲುವುದಿಲ್ಲ. ಕರೆಂಟ್ ಹರಿಯುವ ಒಂದು ವೈರ್ ಹೊದಿಕೆ ಸವೆದು ಚಾಸಿಗೆ ತಾಗುತ್ತಿದೆ. ಆ ಕ್ಷಣದಲ್ಲಿ ಕರಗಬೇಕಾದದ್ದು ಫ್ಯೂಸ್. ಅದನ್ನು ಬಲಪಡಿಸಿದರೆ ಟ್ಯಾಂಕಿನ ಅಡಿಯಲ್ಲಿ ವೈರ್ ಕರಗುತ್ತದೆ. ಪೆಟ್ರೋಲ್ ಇರುವ ಜಾಗದಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಬೇಡ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತುವ ಹಳೆಯ ಚಾಳಿಗೂ ಇದೇ ಮಾತು.

ಹೊಸ ಹೊಸ ಫ್ಯೂಸುಗಳನ್ನು ಸುಟ್ಟು ಹುಡುಕುವ ಬದಲು, ಫ್ಯೂಸ್ ತೆಗೆದು ಅದರ ಎರಡು ಕಾಲುಗಳ ಜಾಗಕ್ಕೆ 21 ವಾಟಿನ ಬಲ್ಬನ್ನು ಜೋಡಿಸಿ, ಕೀ ಆನ್ ಮಾಡಿ. ಗಾಡಿಯ ಉಳಿದ ಭಾಗಗಳು ಎಳೆಯುವ ಕರೆಂಟಿಗೆ ಬಲ್ಬು ಸ್ವಲ್ಪ ಮಂಕಾಗಿ ಉರಿಯಬಹುದು. ವೈರ್ ಚಾಸಿಗೆ ತಾಗಿದ ಕ್ಷಣದಲ್ಲಿ ಅದು ಪೂರ್ತಿ ಬೆಳಗುತ್ತದೆ. ಫ್ಯೂಸೂ ಹೋಗುವುದಿಲ್ಲ, ವೈರೂ ಸುಡುವುದಿಲ್ಲ. ಈಗ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿ, ಬಲ್ಬು ಬೆಳಗಿದ ಜಾಗದಲ್ಲಿ ಹಿಡಿದುಕೊಂಡು ವೈರ್ ಕಟ್ಟನ್ನು ಒಂದು ಬದಿಯಿಂದ ಕೈಯಿಂದ ಎತ್ತುತ್ತಾ ಬನ್ನಿ. ಯಾವ ಜಾಗದಲ್ಲಿ ಎತ್ತಿದಾಗ ಬಲ್ಬು ಮಂಕಾಗುತ್ತದೆಯೋ ಅಲ್ಲಿಯೇ ಗಾಯವಿದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ಫೋರ್ಕಿನ ಎರಡು ಕಾಲುಗಳನ್ನು ಹಿಡಿದಿರುವ ಟಿ ಚಾಸಿನ ತಡೆಗೆ ಬಂದು ನಿಲ್ಲುವ ಸಂದಿಯನ್ನು ಮೊದಲು ನೋಡಿ. ದಾರಿ ತಪ್ಪಿದ ವೈರ್ ಕಟ್ಟು ಅಲ್ಲಿ ಪ್ರತಿ ತಿರುವಿಗೂ ಜಜ್ಜಿಸಿಕೊಳ್ಳುತ್ತದೆ. ಗಾಯವನ್ನು ಸ್ಲೀವ್ ಹಾಕಿ ಮುಚ್ಚಿದರೆ ಸಾಲದು, ಕಟ್ಟನ್ನು ಮೂಲ ಗೈಡ್ ಕಂಬಿಯೊಳಗಿಂದ ಮತ್ತೆ ಹಾಯಿಸಬೇಕು.

ಪ್ರಶ್ನೆ: ಹೊಸ ಹ್ಯಾಂಡಲಿಗೆ ಮೂಲ ಸ್ವಿಚ್ ಹೊಂದಲಿಲ್ಲ. ಅಂಗಡಿಯಲ್ಲಿ ಸಿಗುವ 'ಎಲ್ಲ ಗಾಡಿಗೂ ಆಗುತ್ತದೆ' ಎಂಬ ಸ್ವಿಚ್ ಸೆಟ್ ತಂದು, ಬಣ್ಣಕ್ಕೆ ಬಣ್ಣ ಜೋಡಿಸಿ ವೈರ್ ಸೇರಿಸಿದೆವು. ಈಗ ಕೀ ಆನ್ ಮಾಡಿದ ತಕ್ಷಣ ಬಟನ್ ಮುಟ್ಟದೆಯೇ ಸೆಲ್ಫ್ ತಿರುಗಲು ಶುರುವಾಗುತ್ತದೆ.
– ಓದುಗರು, ಕಲಬುರಗಿ

ಉತ್ತರ: ಬಣ್ಣಕ್ಕೆ ಬಣ್ಣ ಜೋಡಿಸಿದ್ದೇ ದೋಷ. ವೈರಿನ ಬಣ್ಣಗಳಿಗೆ ಎಲ್ಲ ಕಂಪನಿಗಳಲ್ಲಿಯೂ ಒಂದೇ ಅರ್ಥವಿಲ್ಲ. ಹೋಂಡಾ ಗಾಡಿಗಳಲ್ಲಿ ಹಸಿರು ಅರ್ತ್, ಕಪ್ಪು ಕೀ ಆನ್ ಮಾಡಿದಾಗ ಬರುವ ಕರೆಂಟ್, ಕೆಂಪು ಗೆರೆಯ ಹಳದಿ ಸ್ಟಾರ್ಟ್ ವೈರ್. ಯಮಹಾಕ್ಕೆ ಬಂದರೆ ಕಪ್ಪೇ ಅರ್ತ್. ಅಂಗಡಿಯ ಸ್ವಿಚ್ ಸೆಟ್ಟಿನಲ್ಲಿ ಕೈಗೆ ಸಿಕ್ಕ ಬಣ್ಣದ ವೈರನ್ನು ಹಾಕಿರುತ್ತಾರೆ. ಆದ್ದರಿಂದ ಸ್ವಿಚ್ಚಿನ ಒಂದೊಂದು ವೈರೂ ಯಾವ ಗುಂಡಿ ಒತ್ತಿದಾಗ ಯಾವುದರೊಂದಿಗೆ ಕೂಡುತ್ತದೆ ಎಂಬುದನ್ನು ಮೀಟರಿನ ಬೀಪ್ ಇಟ್ಟು ನೋಡಿ ಕಾಗದದ ಮೇಲೆ ಬರೆದುಕೊಂಡು, ಗಾಡಿಯ ವೈರಿಂಗ್ ನಕ್ಷೆಯೊಂದಿಗೆ ಹೋಲಿಸಿದ ಮೇಲೆಯೇ ಜೋಡಿಸಬೇಕು.

ಸ್ಟಾರ್ಟ್ ಬಟನ್ನಿನಲ್ಲಿ ಎರಡು ಪದ್ಧತಿಗಳಿವೆ. ಕೆಲವು ಗಾಡಿಗಳಲ್ಲಿ ಬಟನ್ ರಿಲೇಗೆ ಪಾಸಿಟಿವ್ ಕಳುಹಿಸುತ್ತದೆ, ಇನ್ನು ಕೆಲವುಗಳಲ್ಲಿ ರಿಲೇಯ ಒಂದು ತುದಿಗೆ ಪಾಸಿಟಿವ್ ಮೊದಲೇ ಇದ್ದು ಬಟನ್ ಇನ್ನೊಂದು ತುದಿಯನ್ನು ಅರ್ತ್ ಮಾಡುತ್ತದೆ. ಎರಡನೆಯ ಪದ್ಧತಿಯಲ್ಲಿ ಸ್ಟಾರ್ಟ್ ವೈರ್ ಹ್ಯಾಂಡಲಿಗೋ ಚಾಸಿಗೋ ತಾಗಿದರೂ ಸಾಕು, ಕೀ ಆನ್ ಆದ ಕೂಡಲೇ ಸೆಲ್ಫ್ ತಿರುಗುತ್ತದೆ; ಮೊದಲನೆಯದರಲ್ಲಿ ಹಾಗೆ ತಾಗಿದರೆ ಬಟನ್ ಒತ್ತಿದಾಗ ಫ್ಯೂಸ್ ಹೋಗುತ್ತದೆ. ನಿಮ್ಮ ಗಾಡಿ ಯಾವ ಪದ್ಧತಿಯದು ಎಂಬುದನ್ನು ತಿಳಿದುಕೊಂಡ ಹೊರತು ಈ ಸ್ವಿಚ್ಚನ್ನು ಜೋಡಿಸಲಾಗದು.

ತುರ್ತಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ಕೀ ಆಫ್ ಮಾಡಿದಾಗ ಸೆಲ್ಫ್ ನಿಲ್ಲುತ್ತದೆಯೇ? ನಿಂತರೆ ದೋಷ ಸ್ವಿಚ್ಚಿನ ಕಡೆಯೇ ಇದೆ. ಕೀ ತೆಗೆದ ಮೇಲೂ ತಿರುಗುತ್ತಲೇ ಇದ್ದರೆ ರಿಲೇಯೊಳಗಿನ ಬಿಲ್ಲೆ ಬಿಸಿಗೆ ಬೆಸೆದುಕೊಂಡಿದೆ. ತಡಮಾಡದೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು, ರಿಲೇ ಬದಲಿಸಬೇಕು. ಸೆಲ್ಫ್ ಮೋಟರನ್ನು ಕೆಲವೇ ಸೆಕೆಂಡು ಓಡಲೆಂದು ಮಾಡಿರುತ್ತಾರೆ, ಸತತವಾಗಿ ಓಡಿದರೆ ಅದರ ಸುರುಳಿ ಸುಟ್ಟುಹೋಗುತ್ತದೆ. ಅಂದಹಾಗೆ, ಮೂಲ ಸ್ವಿಚ್ 'ಹೊಂದಲಿಲ್ಲ' ಎಂದಿರುವಿರಿ. ನಮ್ಮಲ್ಲಿನ ಹೆಚ್ಚಿನ ಗಾಡಿಗಳ ಸ್ವಿಚ್‌ಗಳು 22 ಮಿಲಿಮೀಟರ್ ಹ್ಯಾಂಡಲಿಗೆ ಮಾಡಿದವು. ನಡುವೆ 28 ಮಿಲಿಮೀಟರ್ ದಪ್ಪವಿರುವ ಹೊಸ ಬಗೆಯ ಹ್ಯಾಂಡಲ್‌ಗಳೂ ಹಿಡಿಯ ಬಳಿ 22ಕ್ಕೇ ಇಳಿಯುತ್ತವೆ. ಆದ್ದರಿಂದ ಹೊಂದದೆ ಹೋದದ್ದು ಹ್ಯಾಂಡಲಿನ ದಪ್ಪದಿಂದಲ್ಲ, ಹಾಸನದ ಓದುಗರು ಕೊನೆಯಲ್ಲಿ ಕೇಳಿರುವ, ಸ್ವಿಚ್ಚಿನೊಳಗಿನ ಮೊಳೆಯಿಂದ ಇರಬಹುದು. ಸಾಧ್ಯವಿದ್ದರೆ ಮೂಲ ಸ್ವಿಚ್ಚಿಗೇ ಮರಳಿ.

ಪ್ರಶ್ನೆ: ಎತ್ತರದ ಹ್ಯಾಂಡಲಿಗೆ ವೈರ್ ಸಾಲದು. ನಡುವೆ ಕತ್ತರಿಸಿ ಉದ್ದ ಮಾಡುವುದು ಸರಿಯೇ? ವೈರುಗಳನ್ನು ಹ್ಯಾಂಡಲಿನ ಒಳಗಿನಿಂದ ಹಾಯಿಸಿದರೆ ನೋಟ ಚೆನ್ನಾಗಿರುತ್ತದೆ ಎನ್ನುತ್ತಾರೆ.
– ಓದುಗರು, ಮಂಗಳೂರು

ಉತ್ತರ: ಮೂಲ ಕಪ್ಲರಿಗೇ ಎರಡೂ ತುದಿ ಹೊಂದುವ ಉದ್ದನೆಯ ಎಕ್ಸ್‌ಟೆನ್ಷನ್ ನಿಮ್ಮ ಮಾದರಿಗೆ ಸಿಗುವಂತಿದ್ದರೆ ವೈರ್ ಕತ್ತರಿಸುವ ಕೆಲಸವೇ ಬೇಡ. ಸಿಗದಿದ್ದರೆ ಅದೇ ಬಣ್ಣದ, ಅಷ್ಟೇ ದಪ್ಪದ ವಾಹನದ ವೈರ್ ತನ್ನಿ. ಮನೆಯ ವೈರಿಂಗಿಗೆ ಬಳಸುವ ಒಂದೇ ಗಟ್ಟಿ ಎಳೆಯ ವೈರ್ ಇಲ್ಲಿ ಅದುರಿಕೆಗೆ ತುಂಡಾಗುತ್ತದೆ. ಎಲ್ಲ ವೈರುಗಳನ್ನು ಒಂದೇ ಜಾಗದಲ್ಲಿ ಕತ್ತರಿಸಿದರೆ ಜಾಯಿಂಟುಗಳೆಲ್ಲ ಒಂದೆಡೆ ಗಂಟಾಗಿ ಒಂದಕ್ಕೊಂದು ತಾಗುವ ಅಪಾಯವಿರುವುದರಿಂದ, ಒಂದೊಂದನ್ನೂ ಎರಡು ಮೂರು ಸೆಂಟಿಮೀಟರ್ ಅಂತರದಲ್ಲಿ ಕತ್ತರಿಸಿ. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ಆ ಭಾಗ ಗಟ್ಟಿ ಕಡ್ಡಿಯಾಗುತ್ತದೆ, ಗಟ್ಟಿಯೂ ಮೃದುವೂ ಸೇರುವ ಅಂಚಿನಲ್ಲಿ ಮುಂದೆ ತುಂಡಾಗುತ್ತದೆ. ಆದ್ದರಿಂದ ಬೆಸುಗೆಯಾಗಲಿ, ಲೋಹದ ಪುಟ್ಟ ಕೊಳವೆಯನ್ನು ವೈರಿನ ಮೇಲೆ ಒತ್ತಿ ಕೂಡಿಸುವ ಕ್ರಿಂಪ್ ಆಗಲಿ, ಜಾಯಿಂಟ್ ಕೋನ್‌ಸೆಟ್ಟಿನ ಬಳಿ ಬಾಗುವ ಜಾಗದಲ್ಲಿ ಬರಕೂಡದು. ನನ್ನ ಒಲವು ಸರಿಯಾದ ಇಕ್ಕಳದಿಂದ ಒತ್ತಿದ ಕ್ರಿಂಪಿನ ಕಡೆಗೆ. ಅದರ ಮೇಲೆ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಕಾಯಿಸಬೇಕು. ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ನಿಮ್ಮ ಕರಾವಳಿಯ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಆಮೇಲೆ ಉಪ್ಪುಗಾಳಿಯ ತೇವ ತಾಮ್ರವನ್ನು ಕಿಲುಬು ಹಿಡಿಸುತ್ತದೆ.

ಹ್ಯಾಂಡಲಿನ ಒಳಗಿನಿಂದ ಹಾಯಿಸುವುದು ನೋಟಕ್ಕೆ ಚೆಂದವೇ. ದಿನನಿತ್ಯ ಓಡಿಸುವ ಗಾಡಿಗೆ ನಾನು ಅದನ್ನು ಹೇಳುವುದಿಲ್ಲ. ಅದಕ್ಕಾಗಿ ಕೊರೆಯುವ ದೊಡ್ಡ ತೂತುಗಳು ಹ್ಯಾಂಡಲನ್ನು ದುರ್ಬಲಗೊಳಿಸುತ್ತವೆ. ಬಾಗಿರುವ ಕಡೆ ಅಥವಾ ಕ್ಲ್ಯಾಂಪಿನ ಪಕ್ಕದಲ್ಲಿ ಕೊರೆಯುವುದಂತೂ ಅಪಾಯವೇ. ತೂತಿನ ಅಂಚು ಬ್ಲೇಡಿನಂತಿದ್ದು, ಅರ ಹಾಕಿ ಉಜ್ಜಿ ರಬ್ಬರ್ ಬುಷ್ ಕೂರಿಸದಿದ್ದರೆ ಹುಬ್ಬಳ್ಳಿಯ ಓದುಗರಿಗಾದ ಗತಿಯೇ ನಿಮಗೂ ಆಗುತ್ತದೆ. ಆಗ ಗಾಯವಾದ ವೈರ್ ಕಣ್ಣಿಗೂ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ.

ಪ್ರಶ್ನೆ: ಕೆಲಸವೆಲ್ಲ ಮುಗಿಸಿ ಸೆಲ್ಫ್ ಹೊಡೆದರೆ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಪೆಟ್ರೋಲ್ ಇದೆ.
– ಓದುಗರು, ಕಾರ್ಕಳ

ಉತ್ತರ: ಸೆಲ್ಫ್ ತಿರುಗುತ್ತಿರುವುದರಿಂದ ಮೇಲಿನ ಯಾವ ಉತ್ತರವೂ ನಿಮಗೆ ಅನ್ವಯಿಸುವುದಿಲ್ಲ. ಇಂಜೆಕ್ಷನ್ ಗಾಡಿಯಾದರೆ ಕೀ ಮತ್ತು ಕಿಲ್ ಸ್ವಿಚ್ ಆನ್ ಮಾಡಿದಾಗ ಟ್ಯಾಂಕಿನೊಳಗಿನಿಂದ ಪಂಪ್ ಒಂದೆರಡು ಸೆಕೆಂಡು 'ಜುಂಯ್' ಎನ್ನಬೇಕು. ಆ ಸದ್ದಿಲ್ಲದಿದ್ದರೆ ಬಲಗೈ ಸ್ವಿಚ್ಚಿನಲ್ಲಿರುವ ಕಿಲ್ ಸ್ವಿಚ್ಚಿನ ವೈರನ್ನು ಮೊದಲು ನೋಡಿ. ಅದಕ್ಕೂ ಮೊದಲು ಆ ಕೆಂಪು ಸ್ವಿಚ್ ಆಫ್ ಸ್ಥಾನದಲ್ಲಿಯೇ ಉಳಿದಿದೆಯೇ ಎಂದು ನೋಡಿಬಿಡಿ. ಹೊಸ ಹಿಡಿ ತೂರಿಸುವಾಗ ಕೈ ತಾಗಿ ಅದು ಆಫ್ ಆಗುವುದು ನೀವು ಎಣಿಸಿದ್ದಕ್ಕಿಂತ ಹೆಚ್ಚು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳ ಕಾಲದಲ್ಲಿ ಸೆಲ್ಫೂ ಇರಲಿಲ್ಲ, ಹ್ಯಾಂಡಲ್ ಮೇಲೆ ಇಷ್ಟೊಂದು ಸ್ವಿಚ್ಚೂ ಇರಲಿಲ್ಲ. ಹ್ಯಾಂಡಲ್ ಬದಲಿಸಿದವರಿಗೆ ಹೆಚ್ಚೆಂದರೆ ಹಾರ್ನು, ಡಿಪ್ಪರ್ ಕೈಕೊಡುತ್ತಿದ್ದವು, ಕಿಕ್ ಹೊಡೆದರೆ ಗಾಡಿ ಮನೆ ಸೇರುತ್ತಿತ್ತು.

ಪ್ರಶ್ನೆ: ಸ್ವಿಚ್ಚಿನ ಒಳಗೆ ಒಂದು ಸಣ್ಣ ಮೊಳೆಯಂಥದ್ದು ಇದೆ. ಹೊಸ ಹ್ಯಾಂಡಲಿನಲ್ಲಿ ಅದಕ್ಕೆ ತೂತಿಲ್ಲ. ಮೊಳೆಯನ್ನು ಕತ್ತರಿಸುವುದೋ, ಹ್ಯಾಂಡಲಿಗೆ ತೂತು ಕೊರೆಯುವುದೋ?
– ಓದುಗರು, ಹಾಸನ

ಉತ್ತರ: ಸ್ವಿಚ್ ಹ್ಯಾಂಡಲಿನ ಮೇಲೆ ಸುತ್ತದಂತೆ ತಡೆಯುವುದು ಆ ಮೊಳೆಯ ಕೆಲಸ. ತೂತಿಲ್ಲದೆ ಬಲವಂತವಾಗಿ ಸ್ಕ್ರೂ ಬಿಗಿದರೆ ಎರಡು ಹೋಳುಗಳು ಪೂರ್ತಿ ಕೂಡದೆ ಸ್ವಿಚ್ ಸೀಳುತ್ತದೆ, ಸಂದಿಗೆ ವೈರ್ ಸಿಕ್ಕಿಕೊಳ್ಳುತ್ತದೆ. ಮೊಳೆಯನ್ನು ಕತ್ತರಿಸಿದರೆ, ಬಲಗೈ ಕಡೆ ಆಕ್ಸಿಲರೇಟರ್ ತಿರುಗಿಸಿದಂತೆಲ್ಲ ಸ್ವಿಚ್ಚೇ ಸುತ್ತಿ ವೈರನ್ನು ಜಗ್ಗುತ್ತದೆ. ಹ್ಯಾಂಡಲ್ ಉಕ್ಕಿನದಾಗಿದ್ದರೆ ತೂತು ಕೊರೆಯುವುದು ಮೇಲು. ಮೊದಲು ಗಾಡಿಯ ಮೇಲೆ ಕುಳಿತು ಲಿವರ್ ಮತ್ತು ಸ್ವಿಚ್ ಕೈಗೆ ಒಗ್ಗುವ ಕೋನವನ್ನು ಗುರುತಿಸಿಕೊಳ್ಳಿ. ಮೊಳೆಯ ತುದಿಗೆ ಸ್ವಲ್ಪ ಬಣ್ಣ ಹಚ್ಚಿ ಸ್ವಿಚ್ಚನ್ನು ಆ ಕೋನದಲ್ಲಿ ಒತ್ತಿದರೆ ಹ್ಯಾಂಡಲ್ ಮೇಲೆ ಗುರುತು ಬೀಳುತ್ತದೆ. ಪಂಚ್‌ನಿಂದ ಅಲ್ಲಿ ಕುಳಿ ಮಾಡಿ, ಸಣ್ಣ ಡ್ರಿಲ್ಲಿನಿಂದ ಆರಂಭಿಸಿ ಮೊಳೆಯ ಗಾತ್ರಕ್ಕೆ ತನ್ನಿ. ಕೊಳವೆಯ ಒಂದು ಬದಿಯನ್ನಷ್ಟೇ ಕೊರೆಯಬೇಕು, ಆಚೆ ಬದಿಗೆ ಡ್ರಿಲ್ ತಾಗಬಾರದು. ಅಲ್ಯೂಮಿನಿಯಂ ಹ್ಯಾಂಡಲ್ ಆಗಿದ್ದು ತಯಾರಕರು ಕೊರೆಯಬಾರದೆಂದು ಹೇಳಿದ್ದರೆ ಮಾತ್ರ ಮೊಳೆಯನ್ನು ಅರದಿಂದ ಉಜ್ಜಿ ತೆಗೆದು, ಸ್ವಿಚ್ ಕೂರುವ ಜಾಗಕ್ಕೆ ತೆಳುವಾದ ರಬ್ಬರ್ ಪಟ್ಟಿ ಸುತ್ತಿ ಬಿಗಿಯಿರಿ. ಕೊರೆಯುವ ಮುನ್ನ ಸ್ವಿಚ್ಚುಗಳನ್ನು ಬಟ್ಟೆಯಲ್ಲಿ ಸುತ್ತಿ ದೂರ ಸರಿಸಿಡಿ, ಕೊರೆದ ಮೇಲೆ ಲೋಹದ ಪುಡಿಯನ್ನು ಪೂರ್ತಿ ಒರೆಸಿ ತೆಗೆಯಿರಿ. ಸ್ಟಾರ್ಟ್ ಬಟನ್ನಿನ ಎರಡು ಪಟ್ಟಿಗಳ ನಡುವೆ ಅಂತಹ ಒಂದು ಚೂರು ಕುಳಿತರೆ ಕಲಬುರಗಿಯವರ ಗಾಡಿಯಂತೆ ನಿಮ್ಮದೂ ಕೀ ತಿರುಗಿಸಿದ ಕೂಡಲೇ ತಾನಾಗಿ ಸೆಲ್ಫ್ ಹೊಡೆಯುತ್ತದೆ.